ಅರ್ಜಿ ಜಾಸ್ತಿ, ಸೇರಿದವರು ಕಡಿಮೆ: ಪ್ರವೇಶದ ಡೇಟಾದಲ್ಲಿ ದೋಷ ಹುಡುಕುವ ಕೈಪಿಡಿ

ಕಳೆದ ವರ್ಷಕ್ಕಿಂತ ಸಾವಿರ ಅರ್ಜಿ ಜಾಸ್ತಿ ಬಂದಿವೆ. ಸೇರಿದವರು ಮಾತ್ರ ನೂರು ಜನ ಕಡಿಮೆ. ಸಭೆಯಲ್ಲಿ ಈ ಎರಡು ಸಾಲು ಓದಿದರೆ ಸಾಕು, ಎಲ್ಲರ ಹತ್ತಿರವೂ ಒಂದೊಂದು ಕಾರಣ ಸಿದ್ಧವಾಗಿರುತ್ತದೆ. ಫೀಸು ಏರಿತು, ಪ್ರಚಾರ ಸಾಲಲಿಲ್ಲ, ಪಕ್ಕದ ವಿಶ್ವವಿದ್ಯಾಲಯ ಹೊಸ ಕೋರ್ಸ್ ಶುರು ಮಾಡಿತು, ಈಗಿನ ಮಕ್ಕಳಿಗೆ ಈ ವಿಷಯವೇ ಬೇಡ. ಯಾವುದೂ ಅಸಾಧ್ಯವಲ್ಲ. ಆದರೆ ಪ್ರವೇಶ ವಿಭಾಗದ ಲೆಕ್ಕ ನೋಡಿಕೊಳ್ಳುತ್ತಾ ಇಷ್ಟು ವರ್ಷ ಕಳೆದ ಮೇಲೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ನಾವು ಎಣಿಸಿದ್ದು ಯಾರನ್ನು? ಯಾವ ದಿನ ಎಣಿಸಿದೆವು? ಇದಕ್ಕೆ ಉತ್ತರ ಸಿಗುವವರೆಗೆ ಅರ್ಜಿದಾರರ ಮನಸ್ಸಿನ ಬಗ್ಗೆ ಮಾತಾಡುವುದು ಬೇಡ.

ಈ ಕೈಪಿಡಿ ಆ ಕ್ರಮದಲ್ಲೇ ಸಾಗುತ್ತದೆ. ಮೊದಲು ಎಣಿಕೆಯ ದೋಷ, ಆಮೇಲೆ ಹೋಲಿಕೆಯ ದೋಷ, ಕೊನೆಗೆ ನಿಜವಾದ ಬದಲಾವಣೆ. ಕ್ರಮ ತಪ್ಪಿಸಿದರೆ ಇಲ್ಲದ ರೋಗಕ್ಕೆ ಮದ್ದು ಕೊಟ್ಟ ಹಾಗಾಗುತ್ತದೆ. ಆ ಮದ್ದಿನ ಖರ್ಚು ಮುಂದಿನ ವರ್ಷದ ಪ್ರಚಾರದ ಹಣದಿಂದ ಹೋಗುತ್ತದೆ.

ಮುಟ್ಟುವ ಮೊದಲು ಒಂದು ಪ್ರತಿ

ಅರ್ಜಿ ವ್ಯವಸ್ಥೆಯಿಂದ ಇಳಿಸಿಕೊಂಡ ಫೈಲನ್ನು ಹಾಗೇ ಒಂದು ಕಡೆ ಇಡಿ. ಇಳಿಸಿಕೊಂಡ ದಿನ, ಸಮಯ ಎರಡನ್ನೂ ಫೈಲಿನ ಹೆಸರಿನಲ್ಲೇ ಬರೆಯಿರಿ. ಅದನ್ನು ಮತ್ತೆ ಮುಟ್ಟಬೇಡಿ, ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ. ಪ್ರವೇಶದ ಡೇಟಾ ದಿನದಿನವೂ ಬದಲಾಗುತ್ತದೆ. ಇವತ್ತು 'ಆಫರ್ ಕೊಟ್ಟಿದೆ' ಅಂತ ಇರುವವರು ನಾಳೆ 'ಹಿಂದೆ ಸರಿದರು' ಆಗುತ್ತಾರೆ. ಬಹಳಷ್ಟು ವ್ಯವಸ್ಥೆಗಳಲ್ಲಿ ಹೊಸ ಸ್ಥಿತಿ ಬಂದಾಗ ಹಳೆಯದು ಅಳಿಸಿಹೋಗುತ್ತದೆ. ಕಳೆದ ವರ್ಷ ಇದೇ ದಿನ ಹೇಗಿತ್ತು ಅಂತ ಯಾರಾದರೂ ಕೇಳಿದರೆ ಉತ್ತರ ಸಿಗುವುದು ಇಂಥ ಹಳೆಯ ಪ್ರತಿಗಳಿಂದ ಮಾತ್ರ. ಅದಕ್ಕೇ ನಾನು ವಾರಕ್ಕೊಂದು ಪ್ರತಿ ತೆಗೆದಿಡುತ್ತೇನೆ. ಐದು ನಿಮಿಷದ ಕೆಲಸ.

ಫೈಲನ್ನು ಎಕ್ಸೆಲ್‌ನಲ್ಲಿ ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಅರ್ಜಿ ಸಂಖ್ಯೆಯ ಮುಂದೆ ಸೊನ್ನೆಗಳಿದ್ದರೆ ಅವು ಉದುರಿಹೋಗುತ್ತವೆ. ಸಂಖ್ಯೆ 15 ಅಂಕಿಗಿಂತ ಉದ್ದವಿದ್ದರೆ 15ರ ನಂತರದ ಅಂಕಿಗಳೆಲ್ಲ ಸೊನ್ನೆಯಾಗುತ್ತವೆ. ಕೊನೆಯ ಅಂಕಿಯಲ್ಲಷ್ಟೇ ಬೇರೆಯಿದ್ದ ಇಬ್ಬರು ಅರ್ಜಿದಾರರು ಹೀಗೆ ಒಬ್ಬರೇ ಆಗಿಬಿಡಬಹುದು. ಇಂಪೋರ್ಟ್ ಮಾಡುವಾಗ ಆ ಕಾಲಂ 'ಪಠ್ಯ' ಅಂತ ಹೇಳಿಯೇ ಒಳಗೆ ತನ್ನಿ.

ಲಕ್ಷಣ: ಅರ್ಜಿಗಳ ಸಂಖ್ಯೆ ಏರಿದೆ, ಮಿಕ್ಕಿದ್ದೆಲ್ಲ ಹಾಗೇ ಇದೆ

ಮೊದಲು 'ಅರ್ಜಿ' ಅಂದರೆ ಏನು ಅಂತ ಎರಡೂ ವರ್ಷಗಳ ವರದಿ ಮಾಡಿದವರನ್ನು ಕೇಳಿ. ಖಾತೆ ತೆರೆದವರನ್ನೂ ಅರ್ಜಿದಾರರು ಅಂತ ಎಣಿಸಿದ ವರದಿಗಳನ್ನು ನೋಡಿದ್ದೇನೆ. ಅರ್ಧ ತುಂಬಿಸಿ ಬಿಟ್ಟವರು, ಸಲ್ಲಿಸಿ ಶುಲ್ಕ ಕಟ್ಟದವರು, ಶುಲ್ಕ ಕಟ್ಟಿ ಅಂಕಪಟ್ಟಿ ಹಾಕದವರು, ಎಲ್ಲ ಮುಗಿಸಿದವರು: ಇವು ನಾಲ್ಕು ಬೇರೆ ಬೇರೆ ಎಣಿಕೆಗಳು. ಕಳೆದ ವರ್ಷ ನಾಲ್ಕನೆಯದನ್ನೂ ಈ ವರ್ಷ ಎರಡನೆಯದನ್ನೂ 'ಒಟ್ಟು ಅರ್ಜಿ' ಅಂತ ಬರೆದಿದ್ದರೆ, ಆ ಏರಿಕೆ ಕಾಗದದ ಮೇಲಷ್ಟೇ ಆಗಿರುತ್ತದೆ.

ಮುಂದಿನದು ಡ್ಯೂಪ್ಲಿಕೇಟ್. ಒಬ್ಬ ಹುಡುಗಿ ಮೊಬೈಲಿನಲ್ಲಿ ಅರ್ಜಿ ತುಂಬಿಸುತ್ತಾಳೆ. ಫೋಟೊ ಹಾಕುವ ಪುಟದಲ್ಲಿ ನಿಂತುಹೋಗುತ್ತದೆ. ಪಾಸ್‌ವರ್ಡ್ ನೆನಪಾಗದೆ ಮಾರನೇ ದಿನ ಅಪ್ಪನ ಇಮೇಲ್ ಹಾಕಿ ಇನ್ನೊಂದು ಖಾತೆ ತೆರೆಯುತ್ತಾಳೆ. ಆಮೇಲೆ ಎರಡನೇ ಕೋರ್ಸಿಗೂ ಇರಲಿ ಅಂತ ಮತ್ತೊಂದು. ನಿಮ್ಮ ಶೀಟಿನಲ್ಲಿ ಈಗ ಮೂರು ಸಾಲುಗಳಿವೆ. ಹೆಸರು ಒಂದು ಕಡೆ ಪೂರ್ತಿ ಇದೆ, ಇನ್ನೊಂದು ಕಡೆ ಇನಿಷಿಯಲ್ ಹಿಂದಿದೆ, ಮತ್ತೊಂದು ಕಡೆ ಮುಂದಿದೆ. ಇಮೇಲ್ ಎರಡು ಥರ. ಮೂರರಲ್ಲೂ ಒಂದೇ ಇರುವುದು ಹುಟ್ಟಿದ ದಿನ ಮತ್ತು ಫೋನ್ ನಂಬರ್. ಅದೂ ಒಂದರಲ್ಲಿ ದೇಶದ ಕೋಡ್ ಇದೆ, ಇನ್ನೊಂದರಲ್ಲಿ ಇಲ್ಲ.

ಹೆಸರು ಹೋಲಿಸಿದರೆ ಇವಳು ಸಿಗುವುದಿಲ್ಲ. ಫೋನ್ ನಂಬರಿನಿಂದ ಕೋಡು, ಖಾಲಿ ಜಾಗ, ಗೆರೆ ಎಲ್ಲ ತೆಗೆದು ಕೊನೆಯ ಕೆಲವು ಅಂಕಿಗಳನ್ನಷ್ಟೇ ಉಳಿಸಿ. ಅದಕ್ಕೆ ಹುಟ್ಟಿದ ದಿನ ಸೇರಿಸಿ ಒಂದು ಹೊಸ ಕಾಲಂ ಮಾಡಿ. ಆ ಕಾಲಂನಲ್ಲಿ ಒಂದಕ್ಕಿಂತ ಜಾಸ್ತಿ ಸಲ ಬಂದವರನ್ನು ಬೇರೆ ತೆಗೆದು ಕಣ್ಣಾರೆ ನೋಡಿ. ಯಂತ್ರಕ್ಕೆ ಬಿಟ್ಟು ಅಳಿಸಬೇಡಿ. ಅವಳಿ ಮಕ್ಕಳಿಗೆ ಹುಟ್ಟಿದ ದಿನವೂ ಒಂದೇ, ಮನೆಯ ಫೋನೂ ಒಂದೇ. ಒಂದು ಸಲ ಇಂಥ ಅಣ್ಣ ತಮ್ಮನನ್ನು ಒಂದೇ ಸಾಲಿಗೆ ಸೇರಿಸಿ, ಒಬ್ಬನಿಗೆ ಪತ್ರವೇ ಹೋಗದ ಹಾಗೆ ಮಾಡಿದ್ದೆ. ಅವನ ತಾಯಿ ಫೋನ್ ಮಾಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅಂದಿನಿಂದ ಇಂಥ ಸಾಲುಗಳನ್ನು ಅಳಿಸದೆ 'ಒಬ್ಬರೇ ಇರಬಹುದು' ಅಂತ ಗುರುತು ಹಾಕಿ, ಫೋನ್ ಮಾಡಿ ಕೇಳಿದ ಮೇಲೆ ಮಾತ್ರ ಸೇರಿಸುತ್ತೇನೆ.

ಇಷ್ಟಾದ ಮೇಲೂ ಏರಿಕೆ ಉಳಿದರೆ, ಅರ್ಜಿ ಹಾಕುವುದು ಸುಲಭವಾಯಿತಾ ಅಂತ ನೋಡಿ. ಶುಲ್ಕ ತೆಗೆದಿರಬಹುದು, ಪ್ರಬಂಧ ಬರೆಯುವುದನ್ನು ಬಿಟ್ಟಿರಬಹುದು, ಹಲವು ಕಡೆಗೆ ಹೋಗುವ ಒಂದೇ ಅರ್ಜಿಯ ವ್ಯವಸ್ಥೆಗೆ ಸೇರಿರಬಹುದು. ಅಮೆರಿಕದಲ್ಲಿ 1975ರಲ್ಲಿ 15 ಕಾಲೇಜುಗಳು ಸೇರಿ ಶುರು ಮಾಡಿದ ಕಾಮನ್ ಅಪ್ಲಿಕೇಶನ್‌ನಲ್ಲಿ ಈಗ ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ಒಮ್ಮೆ ತುಂಬಿಸಿದ ವಿವರ ಹತ್ತು ಕಡೆ ಹೋಗುವಾಗ, ಒಬ್ಬ ವಿದ್ಯಾರ್ಥಿ ಹತ್ತು ಸಂಸ್ಥೆಗಳ ಪಟ್ಟಿಯಲ್ಲಿ ಅರ್ಜಿದಾರನಾಗುತ್ತಾನೆ. ಕೊನೆಗೆ ಸೇರುವುದು ಒಂದೇ ಕಡೆ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಯುಕಾಸ್ ವ್ಯವಸ್ಥೆಯಲ್ಲಿ ಐದೇ ಆಯ್ಕೆ ಅಂತ ಮಿತಿ ಇದೆ, ಹಾಗಾಗಿ ಅಲ್ಲಿ ಒಂದು ಅರ್ಜಿಗೆ ಸ್ವಲ್ಪ ಜಾಸ್ತಿ ತೂಕ. ನಿಮ್ಮಲ್ಲಿ ಈ ಎರಡರಲ್ಲಿ ಯಾವ ಥರದ ಅರ್ಜಿ ಬರುತ್ತಿದೆ ಅಂತ ಗೊತ್ತಿಲ್ಲದೆ ಸಂಖ್ಯೆಗೆ ಅರ್ಥ ಹಚ್ಚಬೇಡಿ.

ಲಕ್ಷಣ: ಅರ್ಜಿ ತೆರೆಯುವ ಮೊದಲೇ ಅರ್ಜಿಗಳು ಬಂದಿವೆ

ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಅರ್ಜಿ ತೆಗೆದುಕೊಂಡಿದ್ದೀರಿ. ಚಾರ್ಟ್ ಮಾತ್ರ ನವೆಂಬರ್, ಡಿಸೆಂಬರ್‌ನಲ್ಲೂ ಒಂದಷ್ಟು ಅರ್ಜಿ ತೋರಿಸುತ್ತಿದೆ. ಇದು ದಿನ ಮತ್ತು ತಿಂಗಳು ಅದಲು ಬದಲಾದ ಗುರುತು. ಮಾರ್ಚ್ 11 ಹೋಗಿ ನವೆಂಬರ್ 3 ಆಗಿದೆ. 12ರ ಒಳಗಿನ ದಿನಗಳು ಹೀಗೆ ಸದ್ದಿಲ್ಲದೆ ತಿರುಗುತ್ತವೆ. 13ರಿಂದ ಮುಂದಿನವು ತಿರುಗಲು ಆಗದೆ ಬರೀ ಪಠ್ಯವಾಗಿ ಉಳಿದು ಕಾಲಂನ ಎಡಗಡೆಗೆ ಅಂಟಿಕೊಂಡಿರುತ್ತವೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಅಲ್ಲೇ ನಿಲ್ಲಿ. ಈ ಶೀಟನ್ನು ಕೈಯಲ್ಲಿ ತಿದ್ದಬೇಡಿ, ಮೂಲ ಫೈಲಿನಿಂದ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಮತ್ತೆ ತನ್ನಿ.

ತಾರೀಖು ಸರಿಯಿದ್ದೂ ಹೋಲಿಕೆ ತಪ್ಪಬಹುದು. ಹೋದ ವರ್ಷದ ಮಾರ್ಚ್ 15ಕ್ಕೆ ಈ ವರ್ಷದ ಮಾರ್ಚ್ 15 ಸಮ ಅಂತ ನಾವು ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ. ಕೊನೆಯ ದಿನ ಎರಡು ವಾರ ಮುಂದೆ ಹೋಗಿದ್ದರೆ, ಶಾಲೆಯ ಫಲಿತಾಂಶ ತಡವಾಗಿದ್ದರೆ, ಅದು ಸಮವಲ್ಲ. ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ, ಅಂದರೆ ಫ್ಯಾಫ್ಸಾ, ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತಿತ್ತು. 2024-25ನೇ ಸಾಲಿನದು ತೆರೆದದ್ದು 2023ರ ಡಿಸೆಂಬರ್ ಕೊನೆಗೆ. ಕಾಲೇಜುಗಳಿಗೆ ಅದರ ವಿವರ ಬರಲು ಶುರುವಾದದ್ದು ಮಾರ್ಚ್‌ನಲ್ಲಿ. ಎಷ್ಟು ನೆರವು ಸಿಗುತ್ತದೆ ಅಂತ ತಿಳಿಯದೆ ಮನೆಯವರು ಹೇಗೆ ತೀರ್ಮಾನ ಮಾಡುತ್ತಾರೆ? ಸೀಟು ಒಪ್ಪಿಕೊಳ್ಳಲು ಇದ್ದ ಮೇ 1ರ ಗಡುವನ್ನೇ ಬಹಳಷ್ಟು ಕಾಲೇಜುಗಳು ಮುಂದೆ ಹಾಕಿದವು. ಆ ವರ್ಷದ ಏಪ್ರಿಲ್ ಲೆಕ್ಕವನ್ನು ಹಿಂದಿನ ಏಪ್ರಿಲ್ ಜೊತೆ ಇಟ್ಟು ನೋಡಿದವರಿಗೆ ಎಲ್ಲವೂ ಮುಳುಗಿದ ಹಾಗೆ ಕಾಣಿಸಿರುತ್ತದೆ.

ಪರಿಹಾರ ಸುಲಭ. ಕ್ಯಾಲೆಂಡರಿನ ದಿನ ಬಿಟ್ಟು, 'ಗಡುವಿಗೆ ಇಷ್ಟು ದಿನ ಮೊದಲು', 'ಆಫರ್ ಕೊಟ್ಟು ಇಷ್ಟು ದಿನ ಆದ ಮೇಲೆ' ಅಂತ ಎಣಿಸಿ. ಎರಡು ವರ್ಷಗಳ ಗೆರೆಗಳನ್ನು ಹಾಗೆ ಒಂದರ ಮೇಲೊಂದು ಇಟ್ಟರೆ, ಹೆದರಿಸಿದ ಅರ್ಧ ಕುಸಿತ ಅಲ್ಲೇ ಮಾಯವಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಲಕ್ಷಣ: ಆಫರ್ ಪಡೆದವರಲ್ಲಿ ಸೇರುವವರ ಪ್ರಮಾಣ ಕುಸಿದಿದೆ

ನಮ್ಮ ಕಚೇರಿಗಳಲ್ಲಿ ಇದನ್ನು ಯೀಲ್ಡ್ ಅನ್ನುತ್ತೇವೆ. ನೂರು ಜನಕ್ಕೆ ಸೀಟು ಕೊಟ್ಟರೆ ಎಷ್ಟು ಜನ ಬಂದು ಸೇರಿದರು ಅನ್ನುವ ಲೆಕ್ಕ. ಎಲ್ಲಕ್ಕಿಂತ ಜಾಸ್ತಿ ಗಲಾಟೆ ಎಬ್ಬಿಸುವ ಸಂಖ್ಯೆ ಇದೇ, ಎಲ್ಲಕ್ಕಿಂತ ಸುಲಭವಾಗಿ ದಾರಿ ತಪ್ಪಿಸುವುದೂ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂತು ಲೆಕ್ಕ ಹಾಕೋಣ.

ಕಳೆದ ವರ್ಷ 2,000 ಆಫರ್ ಕೊಟ್ಟಿದ್ದಿರಿ, 800 ಜನ ಸೇರಿದರು ಅಂದುಕೊಳ್ಳಿ. ಶೇಕಡಾ 40. ಈ ವರ್ಷವೂ 2,000 ಆಫರ್, ಸೇರಿದವರು 700. ಶೇಕಡಾ 35. ನಮ್ಮ ಬಗ್ಗೆ ಮಕ್ಕಳಿಗೆ ಒಲವು ಕಡಿಮೆಯಾಯಿತು ಅಂತ ತೀರ್ಮಾನಿಸುವ ಮೊದಲು ಆ 2,000 ಜನರನ್ನು ಎರಡು ಗುಂಪು ಮಾಡಿ: ಕ್ಯಾಂಪಸ್‌ಗೆ ಬಂದು ನೋಡಿದವರು, ನೋಡದವರು.

ಕಳೆದ ವರ್ಷ ಬಂದು ನೋಡಿದವರು 1,000. ಅವರಲ್ಲಿ ಶೇಕಡಾ 60, ಅಂದರೆ 600 ಜನ ಸೇರಿದರು. ನೋಡದವರು 1,000, ಅವರಲ್ಲಿ ಶೇಕಡಾ 20, ಅಂದರೆ 200 ಜನ. ಈ ವರ್ಷ ನೋಡಿದವರು 750 ಮಾತ್ರ. ಅವರಲ್ಲೂ ಶೇಕಡಾ 60 ಸೇರಿದರು, 450. ನೋಡದವರು 1,250. ಅವರಲ್ಲೂ ಅದೇ ಶೇಕಡಾ 20, 250 ಜನ. ಕೂಡಿಸಿ ನೋಡಿ, 700.

ಎರಡೂ ಗುಂಪಿನಲ್ಲಿ ಸೇರುವವರ ಪ್ರಮಾಣ ಒಂದು ಚೂರೂ ಬದಲಾಗಿಲ್ಲ. ಬದಲಾದದ್ದು ಗುಂಪುಗಳ ಗಾತ್ರ. ದೂರದಿಂದ, ಸುಮ್ಮನೆ ಒಂದು ಇರಲಿ ಅಂತ ಅರ್ಜಿ ಹಾಕಿದವರ ಪಾಲು ಜಾಸ್ತಿಯಾಗಿದೆ, ಅಷ್ಟೇ. ಈ ದೋಷಕ್ಕೆ ಫೀಸು ಇಳಿಸುವುದು ಪರಿಹಾರವಲ್ಲ. ಆಫರ್ ಎಷ್ಟು ಕೊಡಬೇಕು, ಯಾರನ್ನು ಮೊದಲು ಮಾತಾಡಿಸಬೇಕು ಅನ್ನುವ ಯೋಜನೆ ಬದಲಾಗಬೇಕು.

ಇಲ್ಲೇ ಇನ್ನೊಂದು ಗುಂಡಿ ಇದೆ. ಬಂದು ನೋಡಿದವರು ಜಾಸ್ತಿ ಸೇರುತ್ತಾರೆ ಅಂದಮೇಲೆ ಎಲ್ಲರಿಗೂ ಬಸ್ಸು ಮಾಡಿ ಕರೆತರೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೊದಲೇ ಸೇರುವ ಮನಸ್ಸು ಇದ್ದವರೇ ಅಲ್ವಾ ಖರ್ಚು ಮಾಡಿಕೊಂಡು ನೋಡಲು ಬರುವುದು? ಭೇಟಿ ಅವರ ಮನಸ್ಸನ್ನು ಬದಲಾಯಿಸಿತೋ, ಇದ್ದ ಮನಸ್ಸನ್ನು ತೋರಿಸಿತೋ ಅಂತ ಈ ಶೀಟಿನಿಂದ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ, ನೋಡದವರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಅರ್ಧ ಜನರನ್ನು ಆರಿಸಿ ಅವರಿಗೆ ಮಾತ್ರ ಆಹ್ವಾನ ಕಳಿಸಿ. ಆಮೇಲೆ ಬಂದವರನ್ನು ಬರದವರ ಜೊತೆ ಹೋಲಿಸಬೇಡಿ. ಆಹ್ವಾನ ಹೋದವರೆಲ್ಲರನ್ನೂ ಹೋಗದವರೆಲ್ಲರ ಜೊತೆ ಹೋಲಿಸಿ. ಕೆಲವರಿಗೆ ಇದು ಅನ್ಯಾಯ ಅನ್ನಿಸುತ್ತದೆ. ಎಲ್ಲರನ್ನೂ ಕರೆಯುವಷ್ಟು ಹಣ ಹೇಗೂ ಇಲ್ಲದಿದ್ದಾಗ, ಚೀಟಿ ಎತ್ತುವುದೇ ನ್ಯಾಯವಾದ ದಾರಿ ಅಂತ ನನ್ನ ಅಭಿಪ್ರಾಯ.

ಒಟ್ಟು ಪ್ರಮಾಣ ಒಂದು ಹೇಳಿ, ಒಳಗಿನ ಗುಂಪುಗಳು ಇನ್ನೊಂದು ಹೇಳಿದ್ದಕ್ಕೆ ಪ್ರವೇಶದ ಲೋಕದಲ್ಲೇ ಹೆಸರಾಂತ ಉದಾಹರಣೆ ಇದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 1973ರಲ್ಲಿ ಉನ್ನತ ಪದವಿಗೆ 8,442 ಗಂಡಸರೂ 4,321 ಹೆಂಗಸರೂ ಅರ್ಜಿ ಹಾಕಿದ್ದರು. ಗಂಡಸರಲ್ಲಿ ಸುಮಾರು ಶೇಕಡಾ 44 ಜನಕ್ಕೆ ಸೀಟು ಸಿಕ್ಕಿತು, ಹೆಂಗಸರಲ್ಲಿ ಶೇಕಡಾ 35. ನೋಡಿದರೆ ನೇರ ತಾರತಮ್ಯ. ಬಿಕೆಲ್, ಹ್ಯಾಮೆಲ್, ಓಕಾನೆಲ್ ಎಂಬ ಮೂವರು ವಿಭಾಗವಾರು ಬಿಡಿಸಿ ನೋಡಿ 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಒಂದು ದೊಡ್ಡ ವಿಭಾಗದಲ್ಲಿ 825 ಗಂಡಸರಲ್ಲಿ ಶೇಕಡಾ 62, 108 ಹೆಂಗಸರಲ್ಲಿ ಶೇಕಡಾ 82 ಜನಕ್ಕೆ ಸೀಟು ಸಿಕ್ಕಿತ್ತು. ಇನ್ನೊಂದರಲ್ಲಿ 373 ಗಂಡಸರಲ್ಲಿ ಶೇಕಡಾ 6, 341 ಹೆಂಗಸರಲ್ಲಿ ಶೇಕಡಾ 7. ಅಂದರೆ, ಸೀಟು ಸಿಗುವುದೇ ಕಷ್ಟವಿದ್ದ ವಿಭಾಗಗಳಿಗೆ ಹೆಂಗಸರು ಜಾಸ್ತಿ ಅರ್ಜಿ ಹಾಕಿದ್ದರು. ಸುಲಭವಿದ್ದ ಕಡೆ ಗಂಡಸರು ತುಂಬಿದ್ದರು.

ಇದನ್ನು ಓದಿ 'ಹಾಗಾದರೆ ದೋಷವೇ ಇಲ್ಲ' ಅಂತ ಫೈಲು ಮುಚ್ಚುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ದೋಷ ಇಲ್ಲವಾಗಿಲ್ಲ, ಅದರ ಜಾಗ ಬದಲಾಗಿದೆ. ಹುಡುಗಿಯರು ಕೆಲವೇ ವಿಭಾಗಗಳ ಕಡೆ ಹೋಗುವ ಹಾಗೆ ಮಾಡಿದ್ದು ಏನು, ಆ ವಿಭಾಗಗಳಿಗೆ ಸೀಟು ಕಡಿಮೆ ಯಾಕೆ ಅಂತ ಕೇಳಬೇಕಾಗುತ್ತದೆ. ವಿದ್ಯಾರ್ಥಿಗಳನ್ನು ತಲುಪುವ ಯೋಜನೆ ಮಾಡುವವರಿಗೆ ಅದು ಆಯ್ಕೆ ಸಮಿತಿಯ ಪ್ರಶ್ನೆಗಿಂತ ದೊಡ್ಡದು. ಅದರ ಉತ್ತರ ಅರ್ಜಿ ಹಾಕುವುದಕ್ಕೆ ಎಷ್ಟೋ ವರ್ಷ ಮೊದಲು, ಶಾಲೆಯ ತರಗತಿಯಲ್ಲಿ ಇರುತ್ತದೆ.

ಯಾವ ಗುಂಪುಗಳಾಗಿ ಒಡೆಯಬೇಕು? ನಾನು ಕೋರ್ಸಿನಿಂದ ಶುರು ಮಾಡುತ್ತೇನೆ. ಆಮೇಲೆ ಆಫರ್ ಹೋದ ವಾರ, ನಂತರ ಆರ್ಥಿಕ ನೆರವು ಸಿಕ್ಕಿದೆಯೋ ಇಲ್ಲವೋ. ಆಫರ್ ಹೋದ ವಾರವನ್ನು ಬಹಳ ಜನ ಮರೆಯುತ್ತಾರೆ. ಪತ್ರ ಮೂರು ವಾರ ತಡವಾಗಿ ಹೋದ ಕೋರ್ಸಿನಲ್ಲಿ ಮಕ್ಕಳು ಬೇರೆ ಕಡೆ ಫೀಸು ಕಟ್ಟಿ ಆಗಿರುತ್ತದೆ. ಅಲ್ಲಿ ಕೆಟ್ಟಿರುವುದು ಪ್ರಚಾರವಲ್ಲ, ನಮ್ಮದೇ ಮೇಜಿನ ಮೇಲೆ ಕೂತ ಕಡತ.

ಲಕ್ಷಣ: ಒಂದೇ ಮೂಲದಿಂದ ಎಲ್ಲರೂ ಬರುತ್ತಿದ್ದಾರೆ

'ನಮ್ಮ ಬಗ್ಗೆ ಹೇಗೆ ತಿಳಿಯಿತು?' ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಮಿಕ್ಕೆಲ್ಲಕ್ಕಿಂತ ಮೇಲೆ ನಿಂತಿದ್ದರೆ, ಅರ್ಜಿಯ ಆ ಪುಟವನ್ನು ನೀವೇ ತೆರೆದು ನೋಡಿ. ಅದೂ ಮೊಬೈಲಿನಲ್ಲಿ. ಬಹಳ ಸಲ ಆ ಉತ್ತರ ಪಟ್ಟಿಯಲ್ಲಿ ಮೊದಲನೆಯದಾಗಿರುತ್ತದೆ. ಇಲ್ಲವೇ ಯಾರೂ ಮುಟ್ಟದಿದ್ದರೂ ತಾನಾಗಿ ಆಯ್ಕೆಯಾಗಿರುತ್ತದೆ. ಮುವತ್ತನೇ ಪ್ರಶ್ನೆಯ ಹೊತ್ತಿಗೆ ದಣಿದಿರುವ ಮಗು ಮೊದಲು ಸಿಕ್ಕಿದ್ದನ್ನು ಒತ್ತಿ ಮುಂದೆ ಹೋಗುತ್ತದೆ. ಆ ಒಂದು ಒತ್ತನ್ನು ನಂಬಿ ನಾವು ಜಾಹೀರಾತಿನ ಹಣ ಹಂಚುತ್ತೇವೆ.

ಪರೀಕ್ಷೆ ಹೀಗಿರಲಿ. ಉತ್ತರಗಳ ಕ್ರಮವನ್ನು ಪ್ರತಿ ಅರ್ಜಿದಾರರಿಗೂ ಬೇರೆ ಬೇರೆ ಬರುವ ಹಾಗೆ ಮಾಡಿ, ಎರಡು ವಾರ ಬಿಟ್ಟು ನೋಡಿ. ಪಾಲು ಬದಲಾದರೆ ಹಳೆಯ ಸಂಖ್ಯೆಯನ್ನು ಬಿಟ್ಟುಬಿಡಿ. ಮೊದಲೇ ಆಯ್ಕೆಯಾಗಿರುವ ಉತ್ತರ ಯಾವತ್ತೂ ಬೇಡ, ಖಾಲಿ ಇದ್ದರೆ ಖಾಲಿಯೇ ಇರಲಿ. ಖಾಲಿಯನ್ನು ಸೊನ್ನೆ ಅಂತಲೋ 'ಇಲ್ಲ' ಅಂತಲೋ ತುಂಬಿಸುವ ಅಭ್ಯಾಸ ಇದ್ದರೆ ಅದನ್ನೂ ನಿಲ್ಲಿಸಿ. ಹೇಳದವರು ಬೇರೆ, ಇಲ್ಲ ಅಂದವರು ಬೇರೆ.

ಇನ್ನೊಂದು ಮಾತು. ಒಬ್ಬ ವಿದ್ಯಾರ್ಥಿಗೆ ನಾವು ಒಂದೇ ದಾರಿಯಲ್ಲಿ ಗೊತ್ತಾಗಿರುವುದಿಲ್ಲ. ಅಕ್ಕ ಹೇಳಿರುತ್ತಾಳೆ, ಮೇಷ್ಟ್ರು ಹೇಳಿರುತ್ತಾರೆ, ಮೇಳದಲ್ಲಿ ಕರಪತ್ರ ಸಿಕ್ಕಿರುತ್ತದೆ, ಕೊನೆಗೆ ಹುಡುಕಾಟದಲ್ಲಿ ವೆಬ್‌ಸೈಟ್ ತೆರೆದಿರುತ್ತಾರೆ. ಕೊನೆಯ ಕ್ಲಿಕ್‌ಗೆ ಪೂರ್ತಿ ಕೀರ್ತಿ ಕೊಟ್ಟರೆ ಮೇಷ್ಟ್ರು ಲೆಕ್ಕಕ್ಕೇ ಬರುವುದಿಲ್ಲ. ಹೊಸದಾಗಿ ಸೇರಿದವರಲ್ಲಿ ಇಪ್ಪತ್ತು ಜನರನ್ನು ಕೂರಿಸಿ, ಮೊದಲ ದಿನದಿಂದ ಏನೇನಾಯಿತು ಅಂತ ಕೇಳಿ. ಆ ಅರ್ಧ ದಿನದಲ್ಲಿ ಸಿಗುವಷ್ಟು ಯಾವ ಡ್ಯಾಶ್‌ಬೋರ್ಡ್‌ನಲ್ಲೂ ನನಗೆ ಸಿಕ್ಕಿಲ್ಲ.

ಲಕ್ಷಣ: ಒಂದು ಶಾಲೆಯಿಂದ ಅರ್ಜಿ ದುಪ್ಪಟ್ಟಾಗಿದೆ

ನಾಲ್ಕು ಇದ್ದದ್ದು ಎಂಟಾಗಿದೆ, ಅಷ್ಟೇ. ಶೇಕಡಾ 100 ಏರಿಕೆ ಅಂತ ಬರೆದರೆ ದೊಡ್ಡದಾಗಿ ಕಾಣುತ್ತದೆ. ಸಣ್ಣ ಸಂಖ್ಯೆಗಳು ಯಾವ ಕಾರಣವೂ ಇಲ್ಲದೆ ಏರಿಳಿಯುತ್ತವೆ. 25 ಆಫರ್‌ಗಳಲ್ಲಿ 10 ಜನ ಸೇರಿದರೆ ಅದು ಶೇಕಡಾ 40 ನಿಜ. ಆದರೆ ಆ 40ರ ಆಚೆ ಈಚೆ ಸುಮಾರು 19 ಅಂಶಗಳಷ್ಟು ಅನಿಶ್ಚಿತತೆ ಇದೆ. 1,000ದಲ್ಲಿ 400 ಸೇರಿದಾಗ ಅದೇ ಅನಿಶ್ಚಿತತೆ 3 ಅಂಶಕ್ಕೆ ಇಳಿಯುತ್ತದೆ. ಶಾಲೆವಾರು, ಊರುವಾರು ಪಟ್ಟಿ ಮಾಡುವಾಗ ಶೇಕಡಾವಾರಿನ ಪಕ್ಕದಲ್ಲೇ ಎಷ್ಟು ಜನರಲ್ಲಿ ಎಷ್ಟು ಅಂತ ಬರೆಯಿರಿ, ಮೂರು ವರ್ಷ ಕೂಡಿಸಿ ನೋಡಿ.

ನಕ್ಷೆ ಮಾಡುವವರು ಯಾವ ವಿಳಾಸ ಅಂತ ಗಮನಿಸಲಿ. ಹಾಸ್ಟೆಲಿನಲ್ಲಿದ್ದು ಓದುವ ಮಕ್ಕಳು ಪತ್ರ ಬರಲಿ ಅಂತ ಹಾಸ್ಟೆಲ್ ವಿಳಾಸ ಕೊಡುತ್ತಾರೆ. ಆಗ ನಗರ ಕೆಂಪಾಗಿ ಉರಿಯುತ್ತದೆ, ಅವರ ನಿಜವಾದ ಊರುಗಳು ಬಿಳಿಯಾಗಿ ಉಳಿಯುತ್ತವೆ. ಆ ಬಿಳಿ ಜಾಗ ನೋಡಿ 'ಅಲ್ಲಿಂದ ಯಾರೂ ಬರುವುದಿಲ್ಲ' ಅಂತ ಭೇಟಿ ರದ್ದು ಮಾಡಿದರೆ, ಮುಂದಿನ ವರ್ಷ ನಿಜವಾಗಿಯೂ ಯಾರೂ ಬರುವುದಿಲ್ಲ.

ಲಕ್ಷಣ: ಮಾಡೆಲ್ ಚೆನ್ನಾಗಿ ಊಹಿಸುತ್ತಿದೆ, ಆದರೂ ಏನೋ ಸರಿಯಿಲ್ಲ

ಯಾರು ಸೇರಬಹುದು ಅಂತ ಅಂಕ ಕೊಡುವ ಮಾಡೆಲ್‌ಗಳು ಈಗ ಎಲ್ಲ ಕಡೆ ಇವೆ. ಅವು ಹಿಂದೆ ನಡೆದದ್ದನ್ನು ಕಲಿತು ಮುಂದಿನದನ್ನು ಹೇಳುತ್ತವೆ. ಹಿಂದೆ ಯಾರನ್ನು ನಾವು ಮಾತಾಡಿಸಿದ್ದೆವೋ ಅವರೇ ಸೇರಿದ್ದು. ಮಾತಾಡಿಸದವರು ಸೇರದವರಾಗಿ ದಾಖಲಾಗಿದ್ದಾರೆ. ಮಾಡೆಲ್ ಅದನ್ನೇ ಕಲಿತು, ಮತ್ತೆ ಅವರನ್ನು ಮಾತಾಡಿಸಬೇಡಿ ಅನ್ನುತ್ತದೆ.

ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯಕೀಯ ಶಾಲೆಯಲ್ಲಿ ನಡೆದದ್ದು ದಾಖಲೆಯಲ್ಲಿದೆ. ಅರ್ಜಿಗಳ ಮೊದಲ ಸೋಸುವಿಕೆಗೆ ಅಲ್ಲಿ 1979ರಲ್ಲಿ ಒಂದು ಕಂಪ್ಯೂಟರ್ ಪ್ರೋಗ್ರಾಂ ತಯಾರಾಯಿತು. ಆಯ್ಕೆ ಸಮಿತಿಯವರ ತೀರ್ಮಾನದ ಜೊತೆ ಅದು ಶೇಕಡಾ 90ರಿಂದ 95ರಷ್ಟು ಹೊಂದಿಕೆಯಾಗುತ್ತಿತ್ತು. ಇದಕ್ಕಿಂತ ಇನ್ನೇನು ಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಸಮಿತಿಯೇ ಹೆಂಗಸರಿಗೂ ಯುರೋಪಿನದಲ್ಲದ ಹೆಸರಿನವರಿಗೂ ಕಡಿಮೆ ಅಂಕ ಕೊಡುತ್ತಾ ಬಂದಿತ್ತು. ಪ್ರೋಗ್ರಾಂ ಅದನ್ನು ನಿಷ್ಠೆಯಿಂದ ಕಲಿತಿತ್ತು. ವರ್ಷಕ್ಕೆ 60 ಜನರವರೆಗೆ ಈ ಕಾರಣದಿಂದಲೇ ಸಂದರ್ಶನ ತಪ್ಪಿರಬಹುದು ಅಂತ ಕಂಡುಬಂತು. ಜನಾಂಗ ಸಮಾನತೆಯ ಆಯೋಗ 1988ರಲ್ಲಿ ಶಾಲೆಯದು ತಪ್ಪು ಅಂತ ಹೇಳಿತು.

ಇಂಗ್ಲೆಂಡಿನಲ್ಲಿ 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆ ರದ್ದಾದಾಗ ಲೆಕ್ಕದ ಸೂತ್ರದಿಂದ ಎ-ಲೆವೆಲ್, ಅಂದರೆ ಶಾಲೆಯ ಕೊನೆಯ ಹಂತದ ಪರೀಕ್ಷೆಯ ಗ್ರೇಡು ಕೊಟ್ಟರು. ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನು ಅದು ಆ ವರ್ಷದ ಮಕ್ಕಳ ಮೇಲೆ ಹೊರಿಸಿತು. ಶಿಕ್ಷಕರು ಕೊಟ್ಟ ಅಂದಾಜಿಗಿಂತ ಶೇಕಡಾ 40ರ ಹತ್ತಿರ ಗ್ರೇಡುಗಳು ಕೆಳಗಿಳಿದವು. ಆಗಸ್ಟ್ 13ಕ್ಕೆ ಫಲಿತಾಂಶ ಬಂತು, ನಾಲ್ಕೇ ದಿನದಲ್ಲಿ ಆ ಸೂತ್ರವನ್ನು ಕೈಬಿಟ್ಟರು. ಶಾಲೆಯ ಸರಾಸರಿ ಶಾಲೆಯ ಬಗ್ಗೆ ಹೇಳುತ್ತದೆ. ಅಲ್ಲಿ ಕಷ್ಟಪಟ್ಟು ಓದಿದ ಒಬ್ಬಳ ಬಗ್ಗೆ ಅದು ಏನೂ ಹೇಳುವುದಿಲ್ಲ.

ಪರಿಶೀಲನೆಗೆ ನಾನು ಮಾಡುವುದು ಇಷ್ಟು. ಮಾಡೆಲ್ ಕಡಿಮೆ ಅಂಕ ಕೊಟ್ಟವರಲ್ಲೂ ಚೀಟಿ ಎತ್ತಿ ಕೆಲವರಿಗೆ ಪ್ರತಿ ವರ್ಷ ಫೋನ್ ಮಾಡಿಸುತ್ತೇನೆ. ಅವರಲ್ಲಿ ಎಷ್ಟು ಜನ ಸೇರಿದರು ಅನ್ನುವುದೊಂದೇ ಮಾಡೆಲ್ ಸರಿಯೋ ತಪ್ಪೋ ಅಂತ ಹೇಳಬಲ್ಲದು. ಮತ್ತೆ, ಈ ಅಂಕವನ್ನು ಯಾರನ್ನು ಮೊದಲು ಮಾತಾಡಿಸಬೇಕು ಅನ್ನುವುದಕ್ಕೆ ಮಾತ್ರ ಬಳಸಿ. ಯಾರಿಗೆ ಸೀಟು ಅನ್ನುವ ಕಡತದಲ್ಲಿ ಅದು ಕಾಣಿಸಲೇಬಾರದು.

ಲಕ್ಷಣ: ಸೇರುತ್ತೇನೆ ಅಂದವರು ಮೊದಲ ದಿನ ಬಂದಿಲ್ಲ

ಸೀಟು ಒಪ್ಪಿಕೊಂಡು ತರಗತಿ ಶುರುವಾಗುವ ಹೊತ್ತಿಗೆ ಕಾಣೆಯಾಗುವುದನ್ನು ಅಮೆರಿಕದಲ್ಲಿ 'ಸಮರ್ ಮೆಲ್ಟ್' ಅನ್ನುತ್ತಾರೆ, ಬೇಸಿಗೆಯಲ್ಲಿ ಕರಗಿಹೋಗುವುದು. ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಇದರ ಬಗ್ಗೆ ಕೆಲಸ ಮಾಡಿದವರು. ಮುಂದೆ ಯಾವ ಕಾಗದ, ಯಾವ ದಿನದೊಳಗೆ ಅಂತ ಸಮಯಕ್ಕೆ ಸರಿಯಾಗಿ ಮೊಬೈಲಿಗೆ ಕಳಿಸಿದ ಚಿಕ್ಕ ಸಂದೇಶಗಳಿಂದಲೇ ಕೆಲವು ಕಡೆ ಸೇರುವವರ ಪ್ರಮಾಣ ಹೆಚ್ಚಾಯಿತು ಅಂತ ಅವರು ತೋರಿಸಿದರು. ಮನೆಯಲ್ಲಿ ಕಾಲೇಜು ಕಂಡವರು ಯಾರೂ ಇಲ್ಲದ ಮಗುವಿಗೆ ಒಂದು ಫಾರಂ ಸಾಕು, ದಾರಿ ನಿಲ್ಲಿಸಲು.

ಡೇಟಾದಲ್ಲಿ ಇವರನ್ನು ಹುಡುಕುವುದು ಕಷ್ಟವಲ್ಲ. ಒಪ್ಪಿಗೆ ಕೊಟ್ಟ ದಿನದಿಂದ ಪ್ರತಿ ಹಂತಕ್ಕೂ ಒಂದು ಕಾಲಂ ಮಾಡಿ: ಮುಂಗಡ ಕಟ್ಟಿದ ದಿನ, ಹಾಸ್ಟೆಲ್ ಅರ್ಜಿ, ದಾಖಲೆ ಹಾಕಿದ ದಿನ, ಕೊನೆಯ ಸಲ ಲಾಗಿನ್ ಆದ ದಿನ. ಒಂದೇ ಹಂತದಲ್ಲಿ ಬಹಳ ಜನ ನಿಂತಿದ್ದರೆ ಅಲ್ಲಿ ಏನೋ ಮುರಿದಿದೆ.

ನನ್ನ ಶೀಟಿನಲ್ಲಿ ಒಂದು ವರ್ಷ ಹೀಗೆ ಒಂದು ಗುಂಪು ನಿಂತಿತ್ತು. ಎಲ್ಲರೂ ಒಪ್ಪಿಕೊಂಡವರು, ಎಲ್ಲರ ಕೊನೆಯ ಲಾಗಿನ್ ಫೋಟೊ ಹಾಕುವ ಪುಟದಲ್ಲಿ. ಸಭೆಯಲ್ಲಿ ಇವರಿಗೆ 'ಆಸಕ್ತಿ ಕಳೆದುಕೊಂಡವರು' ಅಂತ ಹೆಸರಿಟ್ಟಾಗಿತ್ತು. ಸುಮ್ನೆ ಒಬ್ಬ ಹುಡುಗನಿಗೆ ಫೋನ್ ಮಾಡಿದೆ. "ಮೂರು ದಿನದಿಂದ ಹಾಕ್ತಾ ಇದ್ದೀನಿ ಮೇಡಂ, ಫೈಲ್ ದೊಡ್ಡದು ಅಂತ ಬರುತ್ತೆ. ಸೀಟು ಹೋಯ್ತಾ?" ಅಂದ. ಪುಟದಲ್ಲಿ ಇಟ್ಟಿದ್ದ ಮಿತಿ ಅವನ ಫೋನಿನ ಕ್ಯಾಮೆರಾ ತೆಗೆಯುವ ಚಿತ್ರಕ್ಕಿಂತ ಎಷ್ಟೋ ಚಿಕ್ಕದು. ಮಿತಿ ಏರಿಸಲು ಹಿಡಿದದ್ದು ಹತ್ತು ನಿಮಿಷ. ಆಮೇಲೆ ಇಡೀ ಪಟ್ಟಿ ಹಿಡಿದುಕೊಂಡು ಮೂವರು ಕೂತು, ಒಬ್ಬೊಬ್ಬರಿಗೂ ಫೋನ್ ಮಾಡಿ ಸೀಟು ಹೋಗಿಲ್ಲ ಅಂತ ಹೇಳಿದೆವು.